ಹಿಮದ ಮೇಲೆ ಗಾಢ ಕಪ್ಪು ಗಾಗಲ್ ಒಂದೇ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಗುಲ್ಮಾರ್ಗ್‌ನ ಹಿಮ ಮತ್ತು ಸ್ಕೀಯಿಂಗ್ ಕುರಿತು ತಾವು ಪ್ರಕಟಿಸಿದ ಲೇಖನ ಸೊಗಸಾಗಿತ್ತು. ಬೆಂಗಳೂರಿನಿಂದ ಹೊರಡುವವರು ಯಾವ ತಿಂಗಳನ್ನು ಆರಿಸಿಕೊಳ್ಳಬೇಕು, ಬೆಟ್ಟವೇರಿಸುವ ರೋಪ್‌ವೇ ಆದ ಗೊಂಡೋಲಾದ ಟಿಕೆಟನ್ನು ಮೊದಲೇ ಕಾಯ್ದಿರಿಸುವುದು ಏಕೆ ಒಳ್ಳೆಯದು, ಬಾಡಿಗೆಗೆ ಬೂಟು ಪಡೆಯುವಾಗ ಏನನ್ನು ನೋಡಿಕೊಳ್ಳಬೇಕು ಎಂಬುದನ್ನೆಲ್ಲ ಲೇಖಕರು ಅನುಭವದಿಂದಲೇ ಬರೆದಿದ್ದಾರೆ. ಆದರೆ ಲೇಖನದ ಪಕ್ಕದ ಚೌಕಟ್ಟಿನಲ್ಲಿ ಕೊಟ್ಟಿರುವ ‘ಜೊತೆಗೆ ಒಯ್ಯಬೇಕಾದವು’ ಎಂಬ ಪಟ್ಟಿಯಲ್ಲಿ ‘ಆದಷ್ಟೂ ಗಾಢ ಕಪ್ಪಿನ ಗಾಗಲ್’ ಎಂದು ಒಂದು ಸಾಲಿದೆ. ನನ್ನ ತಕರಾರು ಆ ಒಂದು ಸಾಲಿನ ಬಗ್ಗೆ ಮಾತ್ರ. ಅದನ್ನು ನಂಬಿ ಹೊರಟವರು ಬಿಸಿಲಿನ ದಿನ ಸುಖವಾಗಿರುತ್ತಾರೆ, ಮೋಡದ ದಿನ ಬೀಳುತ್ತಾರೆ. ನಾನೇ ಬಿದ್ದವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕಣ್ಣಿನ ವೈದ್ಯನಲ್ಲ, ಕ್ರೀಡಾಪಟುವಂತೂ ಅಲ್ಲವೇ ಅಲ್ಲ. ಐವತ್ತು ದಾಟಿದ ಮೇಲೆ, ಮನೆಯವರ ನಗುವನ್ನು ಲೆಕ್ಕಿಸದೆ, ಸ್ಕೀಯಿಂಗ್ ಕಲಿಯಲು ಹೊರಟವನು. ಮೊದಲ ಚಳಿಗಾಲದಲ್ಲಿ ಗುಲ್ಮಾರ್ಗ್‌ಗೆ ಹೊರಡುವ ಮುನ್ನ ನಗರದ ಒಂದು ಅಂಗಡಿಯಲ್ಲಿ ಗಾಗಲ್ ಕೇಳಿದಾಗ, ಅಲ್ಲಿದ್ದ ಹುಡುಗ ಕನ್ನಡಿಯಂತೆ ಹೊಳೆಯುವ, ಒಳಗೆ ಕಡುಗಪ್ಪಾದ ಒಂದನ್ನು ಮುಂದಿಟ್ಟು ‘ಸಾರ್, ಹಿಮಕ್ಕೆ ಇದೇ ಬೆಸ್ಟು’ ಎಂದಿದ್ದ. ಮೊದಲ ಮೂರು ದಿನ ಅವನ ಮಾತು ನಿಜವೇ ಆಗಿತ್ತು. ಆಕಾಶ ತಿಳಿನೀಲಿ, ಹಿಮ ಕಣ್ಣು ಕೋರೈಸುವಷ್ಟು ಬಿಳಿ, ಗಾಗಲ್ ಹಾಕಿದರೆ ಎಲ್ಲವೂ ತಂಪು. ನಾಲ್ಕನೆಯ ದಿನ ಮೋಡ ಕವಿಯಿತು. ಗೊಂಡೋಲಾದ ಮೊದಲ ಹಂತ ಮುಗಿಯುವ ಕೊಂಗ್‌ಡೂರಿಯ ಬಳಿ, ಹಿಂದಿನ ದಿನ ನಾಲ್ಕಾರು ಬಾರಿ ಇಳಿದಿದ್ದ ಅದೇ ಇಳಿಜಾರಿನಲ್ಲಿ ನನಗೆ ನೆಲವೇ ಕಾಣಿಸಲಿಲ್ಲ. ಮೇಲೆ ಬೂದು, ಕೆಳಗೆ ಬೂದು, ನಡುವೆ ಗೆರೆಯೇ ಇಲ್ಲ. ಚಲಿಸುತ್ತಿದ್ದೇನೆಯೋ ನಿಂತಿದ್ದೇನೆಯೋ ಎಂಬುದೂ ತಿಳಿಯದೆ ತಲೆ ತಿರುಗಿದಂತಾಯಿತು. ಮೊಣಕಾಲೆತ್ತರದ ಒಂದು ದಿಣ್ಣೆ ನನ್ನ ಮುಂದಿತ್ತು ಎಂಬುದು ಅದರ ಆಚೆ ಬಿದ್ದ ಮೇಲೆ ಗೊತ್ತಾಯಿತು. ಎತ್ತಿ ನಿಲ್ಲಿಸಿದ ತರಬೇತುದಾರರು ನನ್ನ ಗಾಗಲ್ ತೆಗೆದು ಒಮ್ಮೆ ತಮ್ಮ ಕಣ್ಣಿಗೆ ಹಿಡಿದು ನೋಡಿ, ಏನೂ ಹೇಳದೆ ಹಿಂದಿರುಗಿಸಿದರು. ಅವರ ಕಣ್ಣಿಗಿದ್ದದ್ದು ತಿಳಿ ಗುಲಾಬಿ ಬಣ್ಣದ ಗಾಜು.

ಇಲ್ಲಿ ಆಗುವುದೇನು ಎಂಬುದನ್ನು ನಮ್ಮ ಊರಿನ ರಸ್ತೆಯ ಉಬ್ಬುಗಳನ್ನು ನೆನೆದರೆ ಸುಲಭವಾಗಿ ತಿಳಿಯಬಹುದು. ಬಣ್ಣ ಬಳಿಯದ ಒಂದು ಹಂಪ್ ರಾತ್ರಿ ಹೆಡ್‌ಲೈಟಿನ ಓರೆ ಬೆಳಕಿಗೆ ದೂರದಿಂದಲೇ ಕಾಣುತ್ತದೆ, ಏಕೆಂದರೆ ಅದರ ಹಿಂಬದಿಗೆ ನೆರಳು ಬೀಳುತ್ತದೆ. ಅದೇ ಹಂಪ್ ಮೋಡ ಕವಿದ ಮಧ್ಯಾಹ್ನ ಚಕ್ರಕ್ಕೆ ತಾಗುವ ತನಕ ಕಾಣುವುದಿಲ್ಲ. ನೆಲದ ಏರಿಳಿತವನ್ನು ನಮ್ಮ ಕಣ್ಣು ಗುರುತಿಸುವುದು ಬಹುಮಟ್ಟಿಗೆ ನೆರಳಿನಿಂದ. ಡಾಂಬರಿಗಾದರೂ ಕಲ್ಲು, ಬಿರುಕು, ತೇಪೆಗಳ ಗುರುತಿರುತ್ತದೆ. ಹೊಸ ಹಿಮಕ್ಕೆ ಅದೂ ಇಲ್ಲ. ಮೋಡದ ದಿನ ಬೆಳಕು ಸೂರ್ಯನ ದಿಕ್ಕಿನಿಂದ ಬರದೆ ಇಡೀ ಆಕಾಶದಿಂದ ಸಮನಾಗಿ ಸುರಿಯುತ್ತದೆ, ಹಿಮ ಅದನ್ನು ಮತ್ತೆ ಮೇಲಕ್ಕೆ ಚೆಲ್ಲುತ್ತದೆ, ಹೀಗಾಗಿ ತಗ್ಗೂ ದಿಣ್ಣೆಯೂ ಒಂದೇ ಬಿಳುಪಾಗುತ್ತವೆ. ಸ್ಕೀಯಿಂಗ್ ಮಾಡುವವರು ಇದನ್ನು ಫ್ಲ್ಯಾಟ್ ಲೈಟ್ ಎನ್ನುತ್ತಾರೆ. ಚಪ್ಪಟೆ ಬೆಳಕು ಎಂದರೆ ಅರ್ಥಕ್ಕೆ ಕುಂದಿಲ್ಲ. ಉಳಿದಿರುವ ಅಲ್ಪಸ್ವಲ್ಪ ನೆರಳನ್ನು ಕಣ್ಣು ಹೆಕ್ಕಿಕೊಳ್ಳಬೇಕಾದ ಇಂಥ ಹೊತ್ತಿನಲ್ಲಿ ಅದರ ಮುಂದೆ ಕಪ್ಪು ಗಾಜನ್ನು ಹಿಡಿಯುವುದೆಂದರೆ ಚಾರ್ಮಾಡಿ ಘಾಟಿಯ ಮಳೆಗಾಲದ ಮಂಜಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕಾರು ಓಡಿಸಿದಂತೆ.

ಗಾಜು ಎಷ್ಟು ಕಪ್ಪು ಎಂಬುದನ್ನು ಅಂದಾಜಿನಿಂದ ಹೇಳಬೇಕಾಗಿಲ್ಲ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಶೇಕಡಾ ಎಷ್ಟನ್ನು ಗಾಜು ಒಳಗೆ ಬಿಡುತ್ತದೆ ಎಂಬ ಅಳತೆಯನ್ನು ವಿಎಲ್‌ಟಿ ಎನ್ನುತ್ತಾರೆ. ಇದರ ಆಧಾರದ ಮೇಲೆ ಗಾಜುಗಳನ್ನು ಎಸ್ 0 ದಿಂದ ಎಸ್ 4ರವರೆಗೆ ಐದು ವರ್ಗಗಳಾಗಿ ವಿಂಗಡಿಸಲಾಗಿದೆ. ಶೇ 80ಕ್ಕಿಂತ ಹೆಚ್ಚು ಬೆಳಕನ್ನು ಬಿಡುವುದು ಎಸ್ 0. ಇದು ಸಂಜೆ ಮತ್ತು ರಾತ್ರಿಯ ಗಾಜು. ಶೇ 43ರಿಂದ 80ರವರೆಗಿನದು ಎಸ್ 1, ಮೋಡ, ಮಂಜು, ಹಿಮಪಾತಗಳಿಗೆ. ಶೇ 18ರಿಂದ 43ರದು ಎಸ್ 2, ಬಿಸಿಲು ಮೋಡಗಳ ಕಣ್ಣಾಮುಚ್ಚಾಲೆಗೆ. ಶೇ 8ರಿಂದ 18ರದು ಎಸ್ 3, ಒಳ್ಳೆಯ ಬಿಸಿಲಿಗೆ. ಶೇ 3ರಿಂದ 8ರದು ಎಸ್ 4. ಅತಿ ಎತ್ತರದ ಹಿಮನದಿಗಳ ಮೇಲಿನ ಪ್ರಖರ ಬಿಸಿಲಿಗಷ್ಟೇ ಉಪಯುಕ್ತವಾದ ಇದನ್ನು ಧರಿಸಿ ವಾಹನ ಓಡಿಸಬಾರದು ಎಂಬ ಎಚ್ಚರಿಕೆಯೇ ಇದೆ. ನಾನು ಕೊಂಡು ತಂದದ್ದು ಎಸ್ 3 ಎಂದು ಗಾಗಲ್‌ನ ಪಟ್ಟಿಯ ಒಳಬದಿಯಲ್ಲಿ ಸಣ್ಣದಾಗಿ ಅಚ್ಚಾಗಿತ್ತು, ಅದರ ಅರ್ಥ ನನಗೂ ತಿಳಿದಿರಲಿಲ್ಲ, ಮಾರಿದವನಿಗೂ ತಿಳಿದಿರಲಿಲ್ಲ. ದಟ್ಟ ಮೋಡದ ಹಗಲಿನಲ್ಲಿ ಬೆಳಕು ಬಿಸಿಲಿನ ದಿನದ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವುದುಂಟು. ಅದರಲ್ಲಿ ಹತ್ತನೆಯ ಒಂದು ಪಾಲನ್ನಷ್ಟೇ ಬಿಡುವ ಗಾಜನ್ನು ಧರಿಸಿದರೆ ಕಣ್ಣಿಗೆ ತಲುಪುವುದು ನೂರರಲ್ಲಿ ಒಂದು ಪಾಲು. ಕಣ್ಣು ಅದಕ್ಕೂ ಹೊಂದಿಕೊಳ್ಳುತ್ತದೆ, ಆದರೆ ಸೂಕ್ಷ್ಮವಾದ ನೆರಳುಗಳನ್ನು ಬೇರ್ಪಡಿಸುವ ಶಕ್ತಿ ಕುಗ್ಗುತ್ತದೆ. ವಯಸ್ಸಾದವರಿಗೆ ಇನ್ನೂ ಹೆಚ್ಚು ಕುಗ್ಗುತ್ತದೆ ಎಂದು ನನ್ನ ವಯಸ್ಸಿನವರಿಗಾಗಿ ಸೇರಿಸುತ್ತೇನೆ.

‘ಗಾಢ ಕಪ್ಪು’ ಎಂಬ ಸಲಹೆಯ ಹಿಂದಿರುವ ಕಾಳಜಿ ನನಗೆ ಅರ್ಥವಾಗುತ್ತದೆ. ಅದು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ (ಯುವಿ) ಕಿರಣಗಳ ಭಯ, ಮತ್ತು ಆ ಭಯ ಸುಳ್ಳಲ್ಲ. ಹುಲ್ಲು ಮಣ್ಣುಗಳ ನೆಲ ಈ ಕಿರಣಗಳಲ್ಲಿ ಶೇ 10ಕ್ಕಿಂತ ಕಡಿಮೆ ಭಾಗವನ್ನು ಪ್ರತಿಫಲಿಸಿದರೆ ಹೊಸ ಹಿಮ ಶೇ 80ರವರೆಗೂ ಪ್ರತಿಫಲಿಸಬಲ್ಲದು. ಪ್ರತಿ 1,000 ಮೀಟರ್ ಮೇಲೇರಿದಂತೆ ಅವುಗಳ ಪ್ರಮಾಣ ಶೇ 10ರಷ್ಟು ಏರುತ್ತದೆ. ಗುಲ್ಮಾರ್ಗ್ ಹುಲ್ಲುಗಾವಲು ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ, ಗೊಂಡೋಲಾದ ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ 3,900 ಮೀಟರ್ ದಾಟಿ ನಿಲ್ಲುತ್ತದೆ. ಚಳಿಗಾಲದ ಕಾಶ್ಮೀರದಲ್ಲಿ ಸೂರ್ಯ ನಮ್ಮೂರಿನಷ್ಟು ನೆತ್ತಿಗೆ ಏರುವುದಿಲ್ಲ ನಿಜ. ಆದರೆ ಮೇಲಿನಿಂದ ಬರುವ ಬೆಳಕಿಗೆ ಹುಬ್ಬು, ರೆಪ್ಪೆ, ಟೋಪಿಗಳ ಅಡ್ಡಿಯಿರುವಂತೆ ಕೆಳಗಿನ ಹಿಮದಿಂದ ಚಿಮ್ಮುವ ಬೆಳಕಿಗೆ ಯಾವ ಅಡ್ಡಿಯೂ ಇಲ್ಲ. ಅದರಿಂದಲೇ ಹಿಮಕುರುಡು ಉಂಟಾಗುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಬಿಸಿಲಿಗೆ ಸುಟ್ಟ ಚರ್ಮದಂತಾಗಿ, ಕೆಲವು ಗಂಟೆಗಳ ನಂತರ, ಸಾಮಾನ್ಯವಾಗಿ ರಾತ್ರಿಯ ಹೊತ್ತಿಗೆ, ಕಣ್ಣಲ್ಲಿ ಮರಳು ತುಂಬಿದಂತೆ ಉರಿ ಮತ್ತು ನೀರು. ಬಹುತೇಕ ಒಂದೆರಡು ದಿನಗಳಲ್ಲಿ ವಾಸಿಯಾಗುತ್ತದೆ, ಆದರೆ ಆ ಒಂದೆರಡು ದಿನ ಕತ್ತಲ ಕೋಣೆಯೇ ಗತಿ. ಆರ್ಕ್‌ಟಿಕ್ ಪ್ರದೇಶದ ಇನ್ಯೂಯಿಟ್ ಜನ ಮೂಳೆ, ದಂತ, ಮರಗಳಲ್ಲಿ ಕಿರಿದಾದ ಸೀಳು ಕೊರೆದು ಕಣ್ಣಿಗೆ ಕಟ್ಟಿಕೊಳ್ಳುತ್ತಿದ್ದುದು, ಟಿಬೆಟಿನ ಅಲೆಮಾರಿಗಳು ಯಾಕ್‌ನ ಕೂದಲಿನಿಂದ ಹೆಣೆದ ಜಾಲರಿಯನ್ನು ಕಣ್ಣಿನ ಮೇಲೆ ಇಳಿಬಿಡುತ್ತಿದ್ದುದು ಇದೇ ಕಾರಣಕ್ಕೆ.

ಆದರೆ ಗಾಜಿನ ಕಪ್ಪಿಗೂ ನೇರಳಾತೀತ ಕಿರಣಗಳನ್ನು ತಡೆಯುವ ಗುಣಕ್ಕೂ ಸಂಬಂಧವಿಲ್ಲ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಇಂದಿನ ಬಹುತೇಕ ಸ್ಕೀ ಗಾಗಲ್‌ಗಳ ಗಾಜು ನಿಜವಾಗಿ ಗಾಜೇ ಅಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್; ಅದು ಯಾವ ಬಣ್ಣವೂ ಇಲ್ಲದೆ ನೀರಿನಂತೆ ತಿಳಿಯಾಗಿದ್ದರೂ ಈ ಕಿರಣಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹೀರಿಕೊಳ್ಳುತ್ತದೆ. ಅದೇ ವೇಳೆಗೆ ರಸ್ತೆ ಬದಿಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗುವ, ಯಾವ ಗುರುತೂ ಇಲ್ಲದ ಕಪ್ಪು ಕನ್ನಡಕ ಕಣ್ಣಿಗೆ ಕತ್ತಲೆಯನ್ನು ಮಾತ್ರ ಕೊಟ್ಟು ಕಿರಣಗಳನ್ನು ಒಳಗೆ ಬಿಡುತ್ತಿರಬಹುದು. ಕತ್ತಲೆಗೆ ಪಾಪೆ ಹಿಗ್ಗುವುದರಿಂದ ಅದು ಏನೂ ಹಾಕದಿರುವುದಕ್ಕಿಂತ ಕೆಟ್ಟದ್ದೂ ಆಗಬಹುದು. ಸ್ಕೀಯಿಂಗ್ ಮಾಡದೆ ಸ್ಲೆಜ್ ಮೇಲೆ ಕುಳಿತು ಬರುವ ಪ್ರವಾಸಿಗಳು ಮಕ್ಕಳಿಗೆ ಕೊಡಿಸುವುದು ಹೆಚ್ಚಾಗಿ ಇಂಥವನ್ನೇ. ಮಕ್ಕಳ ಕಣ್ಣಿನೊಳಗಿನ ಮಸೂರ ದೊಡ್ಡವರದಕ್ಕಿಂತ ಹೆಚ್ಚು ತಿಳಿಯಾಗಿದ್ದು ಈ ಕಿರಣಗಳನ್ನು ಹೆಚ್ಚಾಗಿ ಒಳಗೆ ಬಿಡುತ್ತದೆ ಎಂಬುದು ತಿಳಿದಿದ್ದರೆ ಯಾವ ತಂದೆತಾಯಿಯೂ ಹಾಗೆ ಮಾಡಲಾರರು. ಇನ್ನೊಂದು ಮಾತು: ತೆಳು ಮೋಡ ಈ ಕಿರಣಗಳನ್ನು ಅಷ್ಟಾಗಿ ತಡೆಯುವುದಿಲ್ಲ. ‘ಇಂದು ಬಿಸಿಲಿಲ್ಲ’ ಎಂದು ಗಾಗಲ್ ತೆಗೆದಿಡುವುದು ಸಲ್ಲದು, ತಿಳಿಗಾಜಿನ ಗಾಗಲ್ ಧರಿಸಬೇಕು.

ಬಣ್ಣದ ವಿಷಯ ಇನ್ನೂ ಸ್ವಾರಸ್ಯವಾದದ್ದು. ಬಿಸಿಲಿರುವ ದಿನ ಹಿಮದ ಮೇಲಿನ ನೆರಳನ್ನು ಗಮನಿಸಿದರೆ ಅದು ಕಪ್ಪಲ್ಲ, ನೀಲಿ. ಏಕೆಂದರೆ ಸೂರ್ಯ ತಲುಪದ ಆ ಜಾಗವನ್ನು ಬೆಳಗುವುದು ನೀಲಿ ಆಕಾಶ. ಹಳದಿ, ಕಿತ್ತಳೆ, ಗುಲಾಬಿ ಗಾಜುಗಳು ನೀಲಿ ಬೆಳಕನ್ನು ಹೆಚ್ಚಾಗಿ ಕತ್ತರಿಸುತ್ತವೆ. ಆಗ ನೆರಳಿನ ಭಾಗ ಮತ್ತಷ್ಟು ಕಪ್ಪಾಗಿ, ಬೆಳಕಿನ ಭಾಗ ಹಾಗೆಯೇ ಉಳಿದು, ದಿಣ್ಣೆಯ ಅಂಚು ಎದ್ದು ಕಾಣುತ್ತದೆ. ಮೋಡದ ಹಾಗೂ ಮೋಡ ಬಿಸಿಲುಗಳ ಬೆರಕೆ ದಿನಗಳಿಗೆ ಈ ಬಣ್ಣಗಳನ್ನೇ ಶಿಫಾರಸು ಮಾಡುವುದು ಇದಕ್ಕೆ. ಬೂದು ಗಾಜು ಎಲ್ಲ ಬಣ್ಣಗಳನ್ನೂ ಸಮನಾಗಿ ಕುಗ್ಗಿಸುವುದರಿಂದ ಬಿಸಿಲಿಗೆ ಹಿತ, ಚಪ್ಪಟೆ ಬೆಳಕಿಗೆ ನಿರುಪಯೋಗಿ. ಓಕ್ಲಿಯ ಪ್ರಿಜ್ಮ್, ಸ್ಮಿತ್‌ನ ಕ್ರೋಮಾಪಾಪ್ ಮೊದಲಾದ ಹೆಸರುಗಳಲ್ಲಿ ಬರುವ ದುಬಾರಿ ಗಾಜುಗಳು ಬೆಳಕಿನ ಕೆಲವು ಬಣ್ಣಗಳನ್ನಷ್ಟೇ ಆಯ್ದು ತಡೆದು ಇದೇ ಕೆಲಸವನ್ನು ಇನ್ನೂ ನಯವಾಗಿ ಮಾಡುತ್ತವೆ. ನಾನು ಎರಡನೆಯ ವರ್ಷ ಅಂಥದ್ದೊಂದನ್ನು ಗೆಳೆಯರಿಂದ ಎರವಲು ಪಡೆದು ನೋಡಿದೆ. ವ್ಯತ್ಯಾಸ ಇದೆ, ಬೆಲೆಯಲ್ಲಿರುವಷ್ಟು ಇಲ್ಲ. ಇಲ್ಲದ ನೆರಳನ್ನು ಯಾವ ಗಾಜೂ ಹುಟ್ಟಿಸಲಾರದು. ಮಂಜು ಪೂರ್ತಿ ಇಳಿದ ದಿನ ಗುಲ್ಮಾರ್ಗ್‌ನ ಬಲ್ಲವರು ಮರಗಳಿಲ್ಲದ ಮೇಲಿನ ಬಯಲನ್ನು ಬಿಟ್ಟು ಪೈನ್ ಮತ್ತು ಫರ್ ಮರಗಳ ನಡುವಿನ ಕೆಳಗಿನ ಇಳಿಜಾರುಗಳಿಗೆ ಹೋಗುತ್ತಾರೆ. ಕಪ್ಪು ಕಾಂಡಗಳು ಕಣ್ಣಿಗೆ ಆಧಾರ ಕೊಡುತ್ತವೆ. ಆ ಉಪಾಯಕ್ಕೆ ಕಾಸೂ ಬೇಡ.

ಬೆಳಕಿಗೆ ತಕ್ಕಂತೆ ತಾನೇ ಬಣ್ಣ ಬದಲಿಸುವ ಫೋಟೋಕ್ರೋಮಿಕ್ ಗಾಜೊಂದನ್ನು ಕೊಂಡರೆ ಚಿಂತೆ ತಪ್ಪಿತು ಎಂದು ಹಲವರು ಹೇಳುತ್ತಾರೆ. ಒಂದು ಮಟ್ಟಕ್ಕೆ ಹೌದು. ಆದರೆ ಅದನ್ನು ಕಪ್ಪಾಗಿಸುವುದು ಕಣ್ಣಿಗೆ ಕಾಣುವ ಬೆಳಕಲ್ಲ, ನೇರಳಾತೀತ ಕಿರಣ. ತೆಳು ಮೋಡ ಆ ಕಿರಣಗಳನ್ನು ಬಿಟ್ಟುಕೊಡುವುದರಿಂದ, ನಮಗೆ ತಿಳಿಗಾಜು ಬೇಕಾದ ಹೊತ್ತಿಗೇ ಅದು ಅಗತ್ಯಕ್ಕಿಂತ ಕಪ್ಪಾಗಿ ಕೂರುವುದುಂಟು. ಚಳಿ ಹೆಚ್ಚಾದಷ್ಟು ಅದು ಹೆಚ್ಚು ಕಪ್ಪಾಗುತ್ತದೆ, ಮತ್ತೆ ತಿಳಿಯಾಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಬಿಸಿಲಿನಿಂದ ಮರಗಳ ನೆರಳಿಗೆ ಕೆಲವೇ ಸೆಕೆಂಡುಗಳಲ್ಲಿ ನುಗ್ಗುವವನಿಗೆ ಈ ನಿಧಾನ ಸಣ್ಣ ದೋಷವಲ್ಲ. ಮೇಲ್ಮೈಯಿಂದ ಪ್ರತಿಫಲಿಸುವ ಹೊಳಪನ್ನು ತಡೆಯುವ ಪೋಲರೈಸ್ಡ್ ಗಾಜಿನ ಬಗ್ಗೆಯೂ ಹೀಗೆಯೇ: ಕೆರೆಯಲ್ಲಿ ಮೀನು ಹಿಡಿಯುವವರಿಗೆ ವರವಾದ ಅದು ಹಿಮದ ಮೇಲಿನ ಹೊಳಪನ್ನು ಚೆನ್ನಾಗಿಯೇ ಅಡಗಿಸುತ್ತದೆ, ಆದರೆ ಗಟ್ಟಿ ಮಂಜುಗಡ್ಡೆಯ ಜಾಗವನ್ನು ನಮಗೆ ತೋರಿಸಿಕೊಡುವುದೂ ಎಷ್ಟೋ ಸಲ ಆ ಹೊಳಪೇ. ಹೊರಮೈಗೆ ಕನ್ನಡಿ ಲೇಪವಿರುವ ಗಾಜು ಬೆಳಕನ್ನು ಮತ್ತಷ್ಟು ಕಡಿಮೆ ಮಾಡುತ್ತದೆ, ಬೇಗ ಗೀರಾಗುತ್ತದೆ, ಫೋಟೋಗೆ ಚೆಂದ.

ಹಾಗಾದರೆ ಏನನ್ನು ಕೊಳ್ಳಬೇಕು? ಗುಲ್ಮಾರ್ಗ್‌ಗೆ ಹಿಮ ತರುವುದು ಪಶ್ಚಿಮದಿಂದ ಬರುವ ಚಳಿಗಾಲದ ಮಾರುತಗಳು. ಅವು ಬಂದರೆ ಎರಡು ಮೂರು ದಿನ ಮೋಡ, ಹಿಮಪಾತ. ಹೋದರೆ ಕಣ್ಣು ಬಿಡಲಾಗದ ಬಿಸಿಲು. ಒಳ್ಳೆಯ ಹಿಮ ಬೇಕೆಂದು ಹೋಗುವವರಿಗೆ ಕೆಟ್ಟ ಬೆಳಕೂ ಸಿಕ್ಕೇ ಸಿಗುತ್ತದೆ ಎಂದಾಯಿತು. ಬಿಸಿಲಿನ ದಿನವೂ ಮಧ್ಯಾಹ್ನ ಕಳೆದು ಸೂರ್ಯ ಬೆಟ್ಟದ ಸಾಲಿನ ಹಿಂದೆ ಸರಿದರೆ ಇಳಿಜಾರಿಗೆ ನೆರಳು ಕವಿಯುತ್ತದೆ, ಕಾಲು ದಣಿದಿರುವುದೂ ಆ ಹೊತ್ತಿಗೇ. ಆದ್ದರಿಂದ ಗಾಜು ಬದಲಿಸಬಹುದಾದ ಒಂದು ಚೌಕಟ್ಟು, ಅದಕ್ಕೆ ಎಸ್ 3ರ ಒಂದು ಗಾಜು ಮತ್ತು ಗುಲಾಬಿ ಅಥವಾ ಕಿತ್ತಳೆ ಬಣ್ಣದ ಎಸ್ 1ರ ಇನ್ನೊಂದು ಗಾಜು ಇರುವುದು ಎಲ್ಲಕ್ಕಿಂತ ಉತ್ತಮ. ಅಯಸ್ಕಾಂತದಿಂದ ಅಂಟಿಕೊಳ್ಳುವ ಗಾಜುಗಳನ್ನು ಕೈಗವಸು ತೆಗೆಯದೆ ಬದಲಿಸಬಹುದು, ಅವುಗಳಿಗೆ ಬೆಲೆ ಹೆಚ್ಚು. ಅಷ್ಟು ಖರ್ಚು ಬೇಡವೆನ್ನುವವರು ಅಗ್ಗದ ಎರಡು ಗಾಗಲ್ ಕೊಳ್ಳಲಿ. ಡೆಕಾತ್ಲಾನ್‌ನಂಥ ಮಳಿಗೆಗಳಲ್ಲಿ ಒಳ್ಳೆಯ ಹವೆಗೆ ಎಸ್ 3, ಕೆಟ್ಟ ಹವೆಗೆ ಎಸ್ 1 ಎಂದು ಬರೆದೇ ಮಾರುತ್ತಾರೆ. ಒಂದೇ ಒಂದು ಸಾಕೆನ್ನುವವರಿಗೆ ನನ್ನ ಸಲಹೆ ತಮ್ಮ ಪುರವಣಿಯ ಸಲಹೆಗೆ ನೇರ ವಿರುದ್ಧ: ಎಸ್ 2ರಲ್ಲಿ ತಿಳಿಯಾದ, ಶೇ 30ರಿಂದ 40ರಷ್ಟು ಬೆಳಕನ್ನು ಬಿಡುವ ಗುಲಾಬಿ ಗಾಜು. ಬಿಸಿಲಿನಲ್ಲಿ ಸ್ವಲ್ಪ ಕಣ್ಣು ಕಿರಿದು ಮಾಡಬೇಕಾದೀತು, ಅದಕ್ಕಿಂತ ಹೆಚ್ಚಿನ ತೊಂದರೆ ಆಗಲಾರದು. ಮೋಡದಲ್ಲಿ ಕಪ್ಪು ಗಾಜು ಹಾಕಿದವನಿಗೆ ಆಗುವ ತೊಂದರೆ ಮೊಣಕಾಲಿಗೆ ಸಂಬಂಧಿಸಿದ್ದು.

ನನ್ನಂತೆ ಕನ್ನಡಕ ಧರಿಸುವವರು ಅದರ ಮೇಲೆಯೇ ಹಾಕಬಹುದಾದ, ಓಟಿಜಿ ಎಂದು ಗುರುತಿರುವ ಅಗಲ ಚೌಕಟ್ಟನ್ನೇ ಕೇಳಿ ಪಡೆಯಬೇಕು. ಒಳಗೆ ಮಬ್ಬು ಹಿಡಿದರೆ ಎಸ್ ಎಷ್ಟಾದರೇನು? ನಡುವೆ ಗಾಳಿಯ ಪದರವಿರುವ ಜೋಡಿ ಗಾಜು ಮಬ್ಬನ್ನು ತಡೆಯುತ್ತದೆ. ಗಾಗಲನ್ನು ಬೆವರಿದ ಹಣೆಗೆ ಏರಿಸಿಟ್ಟುಕೊಳ್ಳುವುದು, ಒಳಮೈಯನ್ನು ಒದ್ದೆಯಿದ್ದಾಗ ಬಟ್ಟೆಯಿಂದ ಉಜ್ಜುವುದು, ಇವೆರಡೂ ಅದನ್ನು ಕೆಡಿಸುವ ಅತಿ ಸುಲಭದ ದಾರಿಗಳು.

ಇದು ಕೈಬೆರಳೆಣಿಕೆಯ ಶೋಕಿವಂತರ ವಿಷಯ ಎಂದು ತಾವು ಭಾವಿಸಲಾರಿರಿ ಎಂದುಕೊಂಡಿದ್ದೇನೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಇದೇ ಗುಲ್ಮಾರ್ಗ್‌ನ ಹಿಮದ ಮೇಲೆ ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟ ಮೇಲೆ ನಮ್ಮ ಕಡೆಯ ಹುಡುಗ ಹುಡುಗಿಯರು ಸ್ಕೀಯಿಂಗ್ ಬಗ್ಗೆ ವಿಚಾರಿಸುವುದನ್ನು ಕಾಣುತ್ತಿದ್ದೇನೆ. ಗುಲ್ಮಾರ್ಗ್, ಔಲಿ, ಸೋಲಂಗ್‌ಗಳಿಗೆ ಬೆಂಗಳೂರಿನಿಂದಲೇ ತಂಡ ಕಟ್ಟಿ ಕರೆದೊಯ್ಯುವವರಿದ್ದಾರೆ. ನನ್ನನ್ನು ಕರೆದೊಯ್ದವರು ಕಳುಹಿಸಿದ ಪಟ್ಟಿಯಲ್ಲಿ ಕಾಲುಚೀಲ ಎಷ್ಟು ಜೊತೆ, ಯಾವ ಉಣ್ಣೆಯದು ಎಂಬುದಕ್ಕೆ ನಾಲ್ಕು ಸಾಲುಗಳಿದ್ದವು, ಕಣ್ಣಿಗೆ ‘ಯುವಿ ಗಾಗಲ್’ ಎಂಬ ಎರಡೇ ಪದ. ಅಲ್ಲಿ ಎಸ್ 1, ಎಸ್ 3 ಎಂಬ ಎರಡು ಗುರುತುಗಳನ್ನು ಸೇರಿಸಿದರೆ ಆಯೋಜಕರಿಗೆ ಯಾವ ಹೊರೆಯೂ ಆಗದು. ಬಾಡಿಗೆಗೆ ಗಾಗಲ್ ಕೊಡುವ ಅಂಗಡಿಗಳವರೂ ಬೆಳಿಗ್ಗೆ ಆಕಾಶ ನೋಡಿ ಎರಡು ಬಗೆಯಲ್ಲಿ ಒಂದನ್ನು ಕೊಡುವಂತಾದರೆ, ಒಂದು ವಾರಕ್ಕೆಂದು ಹೋಗುವವರು ಕೊಂಡು ಹೊತ್ತೊಯ್ಯುವ ಅಗತ್ಯವೇ ಇರುವುದಿಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಚಳಿಗಾಲದ ಪ್ರವಾಸ ಲೇಖನಗಳಲ್ಲಿ, ಸಾಧ್ಯವಾದರೆ ಮುಂದಿನ ಭಾನುವಾರವೇ ಒಂದು ಸಣ್ಣ ತಿದ್ದುಪಡಿಯಾಗಿ, ‘ಆದಷ್ಟೂ ಗಾಢ ಕಪ್ಪಿನ ಗಾಗಲ್’ ಎಂಬುದನ್ನು ತೆಗೆದು ‘ಬಿಸಿಲಿಗೆ ಎಸ್ 3, ಮೋಡಕ್ಕೆ ಗುಲಾಬಿ ಅಥವಾ ಕಿತ್ತಳೆ ಬಣ್ಣದ ಎಸ್ 1, ಎರಡಕ್ಕೂ ನೇರಳಾತೀತ ಕಿರಣಗಳ ಪೂರ್ಣ ತಡೆ ಇರಲಿ’ ಎಂದು ಅಚ್ಚು ಹಾಕಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಬಹುಕಾಲದ ಓದುಗ,
ಜಯನಗರ, ಬೆಂಗಳೂರು